ಬಗ್ಗಿದರೆ ಮುರಿದೀತೆಂಬ ಭಯ

ಸಿದ್ದರಬೆಟ್ಟದ ಮೆಟ್ಟಿಲುಗಳ ಬಳಿ ಒಂದು ಗಳಿಗೆ ನಿಂತು ನೋಡಿ. ಕೊರಟಗೆರೆ ಸೀಮೆಯ ಹಳ್ಳಿಗಳಿಂದ ಬಂದ ವಯಸ್ಸಾದ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿಯ ಮೇಲೆ ಅಂಗೈ ಊರಿ, ಸಿದ್ಧೇಶ್ವರನ ಹೆಸರು ಹೇಳುತ್ತ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಗುಹೆಯೊಳಗಿನ ನೀರನ್ನು ತಲೆಗೆ ಚಿಮುಕಿಸಿಕೊಂಡು, ದರ್ಶನ ಮುಗಿಸಿ ಇಳಿದೂ ಬರುತ್ತಾರೆ. ಅವರಲ್ಲಿ ಕೆಲವರು ಮನೆಯಲ್ಲಿ ಜಗಲಿಯಿಂದ ಅಂಗಳಕ್ಕೆ ಇಳಿಯುವ ಎರಡು ಮೆಟ್ಟಿಲಿಗೂ ಮೊಮ್ಮಗನ ಕೈ ಹಿಡಿಯುವವರು. "ಬೆಟ್ಟ ಹತ್ತೋಕಾಗುತ್ತೆ, ಮನೆ ಮೆಟ್ಲು ಹತ್ತೋಕಾಗಲ್ವಾ? ಎಲ್ಲಾ ನಾಟಕ" ಎಂದು ಮಗನೋ ಸೊಸೆಯೋ ಗೊಣಗುವುದನ್ನು ನೀವೂ ಕೇಳಿರುತ್ತೀರಿ. ನೀವೇ ಹಾಗೆ ಗೊಣಗಿದ್ದರೂ ಆಶ್ಚರ್ಯವಿಲ್ಲ.

ಅದು ನಾಟಕವಲ್ಲ. ಮನೆಯ ಮೆಟ್ಟಿಲಿನಲ್ಲಿ ಆ ಅಜ್ಜಿಗೆ ಆಗುವ ನೋವು ನಿಜ; ಬೆಟ್ಟದ ಮೇಲೆ ಅಷ್ಟು ನೋಯಲಿಲ್ಲ ಎಂಬುದೂ ನಿಜ. ಮಂಡಿ ಅದೇ, ಮೂಳೆ ಅದೇ. ಬದಲಾದದ್ದು ಆ ಹೆಜ್ಜೆಯ ಬಗ್ಗೆ ಆಕೆಯ ಮನಸ್ಸಿನಲ್ಲಿದ್ದ ಎಣಿಕೆ. ಈ ವಾರ ಹೇಳಬೇಕೆಂದಿರುವುದು ಇದೇ ವಿಷಯ. ನೋವಿನ ಬಗ್ಗೆ ನಾವು ಏನನ್ನು ನಂಬಿರುತ್ತೇವೆಯೋ ಅದು ಬಗ್ಗುವಾಗ, ಏಳುವಾಗ, ನಡೆಯುವಾಗ ನಮಗಾಗುವ ನೋವನ್ನು ಹೆಚ್ಚು ಮಾಡಬಲ್ಲದು, ಕಡಿಮೆಯನ್ನೂ ಮಾಡಬಲ್ಲದು. ಆ ನಂಬಿಕೆಯನ್ನು ನಮ್ಮ ತಲೆಯಲ್ಲಿ ಬಿತ್ತುವವರು ಬಹಳ ಸಲ ನೆರೆಹೊರೆಯವರು, ಮನೆಯವರು ಮತ್ತು (ಹೇಳಲು ಸಂಕೋಚವಾಗುತ್ತದೆ) ವೈದ್ಯರು.

ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯ ಗೃಹಿಣಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ವಯಸ್ಸು ಐವತ್ತರ ಆಸುಪಾಸು. ಎರಡು ಸೀಮೆ ಹಸು, ಸ್ವಲ್ಪ ಅಡಕೆ, ಒಂದಿಷ್ಟು ರಾಗಿ ಹೊಲ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಿದ್ದವರು. ಒಂದು ದಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಸೊಂಟ ಹಿಡಿದುಕೊಂಡಿತು. ಯಾರಿಗಾದರೂ ಆಗುವಂಥದ್ದೇ, ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಸಡಿಲವಾಗುವಂಥದ್ದು. ಅವರು ಎಕ್ಸ್‌ರೇ ತೆಗೆಸಿದರು. ತೆಗೆದ ಕಡೆ ಅವರಿಗೆ ಸಿಕ್ಕಿದ್ದು ಒಂದೇ ಮಾತು: "ನಿಮ್ಮ ಬೆನ್ನುಮೂಳೆ ಸವೆದುಹೋಗಿದೆ, ಗ್ಯಾಪ್ ಬಂದಿದೆ. ಇನ್ನು ಮೇಲೆ ಬಗ್ಗಲೇಬೇಡಿ, ಭಾರ ಎತ್ತಲೇಬೇಡಿ."

ಆ ಮಾತು ಅವರ ಬದುಕನ್ನೇ ಬದಲಿಸಿತು. ಅವರು ಬಗ್ಗುವುದನ್ನು ಬಿಟ್ಟರು. ಮಗ ಕೈಯಿಂದ ಪೊರಕೆ ಕಿತ್ತಿಟ್ಟ. ತುಮಕೂರಿನಿಂದ ಸೊಂಟದ ಬೆಲ್ಟು ತರಿಸಿ ಹಗಲು ರಾತ್ರಿ ಕಟ್ಟಿಕೊಂಡರು. ಪಕ್ಕದ ಮನೆಯವರು, "ನಮ್ಮ ದೊಡ್ಡಮ್ಮನಿಗೂ ಹಿಂಗೇ ಆಗಿತ್ತು, ಆಮೇಲೆ ಏಳಲೇ ಇಲ್ಲ" ಎಂದು ತಮ್ಮ ಪಾಲಿನ ಕಾಣಿಕೆ ಸಲ್ಲಿಸಿದರು. ಆರು ತಿಂಗಳಲ್ಲಿ ಹಸು ಮಾರಿದ್ದಾಯಿತು. ಇಷ್ಟೆಲ್ಲ ಎಚ್ಚರಿಕೆಯ ಮೇಲೂ ನೋವು ಕಡಿಮೆಯಾಗಬೇಕಿತ್ತಲ್ಲ? ಆಗಲಿಲ್ಲ. ಮೊದಲು ಸಗಣಿ ಬಾಚಿದರೆ ನೋಯುತ್ತಿದ್ದ ಸೊಂಟ ಈಗ ಲೋಟ ಎತ್ತಿಕೊಳ್ಳಲು ಬಾಗಿದರೂ ನೋಯತೊಡಗಿತು. ಈ ಲೇಖಕನ ಬಳಿಗೆ ಬಂದಾಗ ಅವರು ಕುರ್ಚಿಯಲ್ಲಿ ಕುಳಿತದ್ದು ಗಾಜಿನ ಸಾಮಾನನ್ನು ಇಳಿಸಿದ ಹಾಗೆ: ಉಸಿರು ಬಿಗಿಹಿಡಿದು, ಬೆನ್ನನ್ನು ಕೋಲಿನಂತೆ ನೆಟ್ಟಗೆ ಇಟ್ಟುಕೊಂಡು.

ಹೀಗೇಕಾಗುತ್ತದೆ? ನೋವೆಂದರೆ ಗಾಯವಾದ ಜಾಗದಿಂದ ಮೆದುಳಿಗೆ ಎಳೆದ ಕರೆಗಂಟೆಯ ತಂತಿ, ಎಷ್ಟು ಗಾಯವೋ ಅಷ್ಟೇ ಗಂಟೆ ಎಂದು ನಾವೆಲ್ಲ ತಿಳಿದಿದ್ದೇವೆ. ಬಹುಕಾಲ ವೈದ್ಯಶಾಸ್ತ್ರವೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿತ್ತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದೆ, ಅದು ಕೆಳಗಿನಿಂದ ಬರುವ ಸಂದೇಶಗಳನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಒಳಬಿಡುತ್ತದೆ, ಮೇಲಿನಿಂದ ಮೆದುಳೂ ಆ ಬಾಗಿಲನ್ನು ತೆರೆದು ಮುಚ್ಚಬಲ್ಲದು ಎಂಬ ವಾದವನ್ನು ಮುಂದಿಟ್ಟರು. ಅದರ ವಿವರಗಳು ಮುಂದೆ ಸಾಕಷ್ಟು ಬದಲಾದರೂ ಮೂಲ ಮಾತು ನಿಂತಿದೆ. ಕೆಳಗಿನಿಂದ ಬಂದ ಸುದ್ದಿಯನ್ನು ಮೆದುಳು ತಾನು ಬಲ್ಲ ಹಳೆಯ ಸಂಗತಿಗಳ ಜೊತೆ, ಈಗಿನ ಸನ್ನಿವೇಶದ ಜೊತೆ ತಾಳೆ ನೋಡಿ, "ಇದು ಅಪಾಯವೇ?" ಎಂದು ತೀರ್ಮಾನಿಸುತ್ತದೆ. ಅಪಾಯ ಎನಿಸಿದಷ್ಟೂ ನೋವು ಹೆಚ್ಚು.

ಇದಕ್ಕೆ ಒಂದೆರಡು ನಿದರ್ಶನ ಕೊಡಬೇಕು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಕೆಲಸ ಮಾಡಿದ ಬೀಚರ್ ಎಂಬ ಅಮೆರಿಕದ ವೈದ್ಯರು ತೀವ್ರವಾಗಿ ಗಾಯಗೊಂಡ ಸೈನಿಕರನ್ನು "ನೋವಿಗೆ ಔಷಧಿ ಬೇಕೇ?" ಎಂದು ಕೇಳಿದಾಗ ನಾಲ್ವರಲ್ಲಿ ಸುಮಾರು ಮೂವರು ಬೇಡವೆಂದರು. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸೈನಿಕರಿಗೆ ಗಾಯವೆಂದರೆ ಯುದ್ಧ ಮುಗಿಯಿತು, ಜೀವ ಉಳಿಯಿತು, ಇನ್ನು ಊರಿಗೆ ಹೋಗಬಹುದು ಎಂದರ್ಥ. ಇದಕ್ಕೆ ತದ್ವಿರುದ್ಧವಾದ ಸಂಗತಿ 1995ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಟ್ಟಡ ಕೆಲಸದ 29 ವರ್ಷದ ಯುವಕನೊಬ್ಬ 15 ಸೆಂಟಿಮೀಟರ್ ಉದ್ದದ ಮೊಳೆಯ ಮೇಲೆ ಧುಮುಕಿದ. ಮೊಳೆ ಬೂಟನ್ನು ತೂರಿ ಮೇಲೆ ಬಂದಿತ್ತು. ಸ್ವಲ್ಪ ಅಲುಗಿಸಿದರೂ ಅವನಿಗೆ ಪ್ರಾಣ ಹೋಗುವಂಥ ನೋವು. ಬಲವಾದ ನೋವುನಿವಾರಕ ಕೊಡಬೇಕಾಯಿತು. ಬೂಟು ಬಿಚ್ಚಿ ನೋಡಿದರೆ ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು. ಪಾದಕ್ಕೆ ಒಂದು ಗೀರೂ ಆಗಿರಲಿಲ್ಲ. ಅವನು ಸುಳ್ಳು ಹೇಳುತ್ತಿದ್ದನೇ? ಇಲ್ಲ. ಕಣ್ಣು ಕಂಡದ್ದನ್ನು ಮೆದುಳು ನಂಬಿತು, ನಂಬಿದ್ದಕ್ಕೆ ತಕ್ಕ ನೋವನ್ನು ಕೊಟ್ಟಿತು.

ನಮ್ಮ ಗೃಹಿಣಿಯ ಬೆನ್ನಿನಲ್ಲೂ ಅಂಥದ್ದೊಂದು ಮೊಳೆ ಇತ್ತು. "ಸವೆದುಹೋಗಿದೆ" ಎಂಬ ಮಾತಿನ ಮೊಳೆ. ಬಾಗಲು ಹೊರಟ ಕೂಡಲೇ ಮೆದುಳು "ಜೋಕೆ, ಮುರಿದೀತು" ಎನ್ನುತ್ತದೆ. ಬೆನ್ನಿನ ಸ್ನಾಯುಗಳು ಮೊದಲೇ ಸೆಟೆದುಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ, ಇಡೀ ಗಮನ ಆ ಒಂದು ಜಾಗಕ್ಕೆ ಹೋಗಿ ಕೂರುತ್ತದೆ. ಸೆಟೆದ ಸ್ನಾಯು ಬಾಗಿಸಿದರೆ ನೋಯದೆ ಇನ್ನೇನು ಮಾಡೀತು? ನೋಯುತ್ತದೆ. "ನೋಡಿದೆಯಾ, ಡಾಕ್ಟ್ರು ಹೇಳಿದ್ದು ನಿಜ" ಎಂದು ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಮುಂದಿನ ಸಲ ಅದಕ್ಕಿಂತ ಕಡಿಮೆ ಬಾಗುತ್ತಾರೆ. ಬಳಸದ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಕೆಲಸವಿಲ್ಲದ ಮನಸ್ಸು ಕುಗ್ಗುತ್ತದೆ. ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬರುವ ಈ ದಾರಿಯನ್ನು ಸಂಶೋಧಕರು 1980ರ ದಶಕದಿಂದ ಗುರುತಿಸುತ್ತ ಬಂದಿದ್ದಾರೆ. ಕೆನಡಾದ ಸಲಿವಾನ್ ಮತ್ತು ಸಂಗಡಿಗರು 1995ರಲ್ಲಿ ಇಂಥ ಯೋಚನೆಗಳನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಅದರಲ್ಲಿ ಬರುವ ಯೋಚನೆಗಳು ನಮಗೆ ಹೊಸವಲ್ಲ. "ಯಾವಾಗಲೂ ನೋವಿನದೇ ಚಿಂತೆ", "ಇನ್ನೇನೋ ದೊಡ್ಡದಾಗಿಬಿಡುತ್ತೆ", "ನನ್ನ ಕೈಲಿ ಇನ್ನೇನೂ ಆಗಲ್ಲ". ಇವು ಹೆಚ್ಚಿರುವವರಿಗೆ ಓಡಾಡುವಾಗ ಆಗುವ ನೋವೂ ಸಾಮಾನ್ಯವಾಗಿ ಹೆಚ್ಚಿರುತ್ತದೆ.

ಈಗ ಆ "ಸವೆತ"ದ ಮಾತಿಗೆ ಬರೋಣ. ಎಕ್ಸ್‌ರೇ, ಎಂ.ಆರ್.ಐ. ಸ್ಕ್ಯಾನುಗಳಲ್ಲಿ ಕಾಣುವುದೆಲ್ಲ ನೋವಿನ ಕಾರಣವೇ? 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯನ್ನು ಸ್ಕ್ಯಾನ್ ಮಾಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿಕೊಂಡಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ನೋವಿಲ್ಲದವರಲ್ಲೇ ಇಪ್ಪತ್ತರ ವಯಸ್ಸಿನ ನೂರಕ್ಕೆ 37 ಮಂದಿಗೆ, ಐವತ್ತರ ವಯಸ್ಸಿನ ನೂರಕ್ಕೆ 80 ಮಂದಿಗೆ, ಎಂಬತ್ತರವರಲ್ಲಿ ನೂರಕ್ಕೆ 96 ಮಂದಿಗೆ ಡಿಸ್ಕ್ ಸವೆತ ಕಂಡಿತು. ಎಂದರೆ ಐವತ್ತು ದಾಟಿದ ಮೇಲೆ ಡಿಸ್ಕ್ ಸವೆಯುವುದು ತಲೆ ನೆರೆದಷ್ಟೇ ಸಹಜ. ತಲೆ ನೆರೆತದ್ದಕ್ಕೆ ಯಾರೂ ಹಸು ಮಾರುವುದಿಲ್ಲ.

ಸವೆತ ಎಂಬ ಪದವೇ ದಾರಿ ತಪ್ಪಿಸುತ್ತದೆ. ಅದನ್ನು ಕೇಳಿದ ರೈತನ ಕಣ್ಣಮುಂದೆ ಬರುವುದು ಗಾಡಿಯ ಅಚ್ಚು, ಟ್ರ್ಯಾಕ್ಟರಿನ ಬೇರಿಂಗು. ಅವು ಓಡಿದಷ್ಟೂ ಸವೆಯುತ್ತವೆ, ಹಾಗಾಗಿ ಓಡಿಸದೆ ಇಟ್ಟರೆ ಉಳಿಯುತ್ತವೆ. ಜೀವಂತ ಕೀಲು ಹಾಗಲ್ಲ. ಮಂಡಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಾವು ಹೆಜ್ಜೆಯಿಟ್ಟಾಗ ಅದು ಒತ್ತಿ, ಎತ್ತಿದಾಗ ಹಿಗ್ಗಿ, ಹೀಗೆ ಒತ್ತಿ ಬಿಡುವುದರಿಂದಲೇ ಕೀಲಿನ ದ್ರವದಿಂದ ಅದಕ್ಕೆ ಆಹಾರ ಒದಗುವುದು. ಓಡಾಟ ನಿಲ್ಲಿಸಿದ ಕೀಲಿಗೆ ಅನ್ನ ನಿಲ್ಲಿಸಿದಂತೆ. ಆದ್ದರಿಂದಲೇ ಮಂಡಿ ಸವೆತದ ಚಿಕಿತ್ಸೆಯಲ್ಲಿ ಇಂದು ವ್ಯಾಯಾಮಕ್ಕೆ ಮೊದಲ ಸ್ಥಾನ.

"ಹಾಸಿಗೆ ಬಿಟ್ಟು ಏಳಬೇಡಿ" ಎಂಬ ಅಪ್ಪಣೆಯ ಗತಿಯೂ ಇಷ್ಟೇ. 1986ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿನವರಿಗೆ ಎರಡು ದಿನದ ವಿಶ್ರಾಂತಿ, ಏಳು ದಿನದ ವಿಶ್ರಾಂತಿ ಎರಡನ್ನೂ ಹೋಲಿಸಿ ನೋಡಿದರು. ಏಳು ದಿನ ಮಲಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ, ಕೆಲಸ ಮಾತ್ರ ಹೆಚ್ಚು ದಿನ ತಪ್ಪಿತು. 1995ರಲ್ಲಿ ಫಿನ್ಲೆಂಡಿನಲ್ಲಿ ನೋಡಿದಾಗ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮಲಗಿದವರೂ ಅಲ್ಲ, ವಿಶೇಷ ವ್ಯಾಯಾಮ ಮಾಡಿದವರೂ ಅಲ್ಲ. ಸಾಧ್ಯವಾದಷ್ಟು ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಟಿ.ವಿ. ಜಾಹೀರಾತುಗಳ ಮೂಲಕ "ಬೆನ್ನುನೋವೆಂದು ಮಲಗಬೇಡಿ" ಎಂದು ಜನರಿಗೆ ತಿಳಿಹೇಳಿದರು. ಜನರ ನಂಬಿಕೆ ಬದಲಾಯಿತು, ಪರಿಹಾರ ಕೋರುವ ಅರ್ಜಿಗಳೂ ಕಡಿಮೆಯಾದವು. ನಮ್ಮಲ್ಲಿ ಇನ್ನೂ "ಮೂರು ವಾರ ಹಲಗೆಯ ಮೇಲೆ ಮಲಗಿ" ಎನ್ನುವವರಿದ್ದಾರೆ. ಕೂಲಿಯಿಂದ ಬದುಕುವವರು ಮೂರು ವಾರ ಹಲಗೆಯ ಮೇಲೆ ಮಲಗಿದರೆ ಒಲೆ ಹೊತ್ತುವುದು ಹೇಗೆ ಎಂದು ಹಾಗೆ ಹೇಳುವವರು ಯೋಚಿಸಿದಂತೆ ಕಾಣುವುದಿಲ್ಲ.

ನಾಟಿ ಪದ್ಧತಿಯ ಬಗ್ಗೆ ಒಂದು ಮಾತು. ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಪಾದ ಮುಟ್ಟಿಸುವ ರೂಢಿ ನಮ್ಮ ಕಡೆ ಇದೆ. ಓದಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. "ಇನ್ನು ಸರಿಹೋಯಿತು, ಏಳು" ಎಂದು ನಂಬಿಕೆ ಹುಟ್ಟಿಸಿ ಎಬ್ಬಿಸಿ ನಡೆಸುವ ಆ ಉಪಾಯ, "ಸವೆದಿದೆ, ಏಳಬೇಡ" ಎಂದು ಮಲಗಿಸುವ ಸ್ಕ್ಯಾನಿಗಿಂತ ಎಷ್ಟೋ ವಾಸಿ. ಆದರೆ ಪಾದ ಮುಟ್ಟಿಸುವುದು ಬೇರೆ, ಕತ್ತು ಸೊಂಟಗಳನ್ನು ಬಲವಂತವಾಗಿ ತಿರುಚಿ ಲಟಕ್ಕೆನಿಸುವುದು ಬೇರೆ. ಅದಕ್ಕೆ ಮೈ ಕೊಡಬೇಡಿ.

ಇಷ್ಟು ಓದಿದವರಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. "ಹಾಗಾದರೆ ನೋವೆಲ್ಲ ಮನಸ್ಸಿನದೇ ಎನ್ನುತ್ತೀರಾ?" ಇಲ್ಲ. ಹಾಗೆ ಹೇಳುವುದು ತಪ್ಪು ಮಾತ್ರವಲ್ಲ, ಕ್ರೌರ್ಯ. ವಿಶೇಷವಾಗಿ ಹೆಂಗಸರ ನೋವನ್ನು "ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎಂದು ತಳ್ಳಿಹಾಕುವುದು ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಹಳೆಯ ಚಾಳಿ. ನಂಬಿಕೆ ನೋವನ್ನು ಏರಿಸಿ ಇಳಿಸುತ್ತದೆ ಎಂದರೆ ನೋವು ಸುಳ್ಳು ಎಂದಲ್ಲ. ರೇಡಿಯೋದ ಸದ್ದನ್ನು ಹೆಚ್ಚು ಕಡಿಮೆ ಮಾಡಬಹುದು ಎಂದರೆ ಹಾಡೇ ಇಲ್ಲ ಎಂದಂತಾಯಿತೇ?

ಅಷ್ಟೇ ಅಲ್ಲ. ನಮ್ಮ ಸೀಮೆಯಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುವುದಲ್ಲದೆ ದೊಡ್ಡವರ ಮೂಳೆ, ಅಸ್ಥಿರಜ್ಜುಗಳು ಪೆಡಸಾಗಿ ಬೆನ್ನು ಕತ್ತು ಬಗ್ಗದಂತಾಗುತ್ತವೆ. ಮನೆಯಲ್ಲೇ ನೋಡಿಕೊಳ್ಳಬಹುದಾದ ಮೂರು ಪರೀಕ್ಷೆಗಳಿವೆ. ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಮನೆಯಲ್ಲಿ ಹಲವರಿಗೆ ಇವು ಆಗದಿದ್ದರೆ, ಮಕ್ಕಳ ಹಲ್ಲೂ ಕಂದಾಗಿದ್ದರೆ, ಅಲ್ಲಿ ಮಾತಿನ ಸಮಾಧಾನ ಸಾಲದು. ನೀರನ್ನು ಪರೀಕ್ಷೆ ಮಾಡಿಸಬೇಕು, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಲು ಮತ್ತು ಅಡುಗೆಗೆ ಬಳಸಬೇಕು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಇನ್ನು ಕೆಲವು ಲಕ್ಷಣಗಳಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬೆನ್ನುನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿಯುವುದು (ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಅಪರೂಪವಲ್ಲ). ವಯಸ್ಸಾದವರು ಬಿದ್ದ ಮೇಲೆ ಬಂದ ನೋವು. ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು. ಕಾಲಿನ ಶಕ್ತಿ ಕುಂದುವುದು. ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಕುಳಿತುಕೊಳ್ಳುವ ಜಾಗ ಜೋಮುಗಟ್ಟಿದರೆ ಅದೇ ದಿನ ಹೋಗಬೇಕು. ಇವು ಯಾವುವೂ ಇಲ್ಲವೆಂದು ವೈದ್ಯರು ನೋಡಿ ಹೇಳಿದ ಮೇಲೆ ಮಾತ್ರ ಮುಂದಿನ ಮಾತು.

ಆ ಗೃಹಿಣಿಗೆ ಹೇಳಿದ್ದು ಇಷ್ಟು. ನೋಯುವುದೆಂದರೆ ಕೆಡುತ್ತಿದೆ ಎಂದಲ್ಲ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಬಗ್ಗಿ ಬಿಂದಿಗೆ ಎತ್ತುವುದಕ್ಕೆ. ಅದನ್ನೇ ಚೂರುಚೂರು ಮಾಡಿದೆವು. ಮೊದಲ ವಾರ ಕುರ್ಚಿಯಲ್ಲಿ ಕುಳಿತು, ಉಸಿರು ಬಿಡುತ್ತ ಕೈಗಳನ್ನು ಕಾಲಿನ ಮೇಲೆ ಜಾರಿಸಿಕೊಂಡು ಪಾದದವರೆಗೆ ಬಾಗುವುದು. ಉಸಿರು ಹಿಡಿಯಬಾರದು, ಅದೊಂದೇ ಕಟ್ಟುನಿಟ್ಟು. ಆಮೇಲೆ ನಿಂತು ಬಾಗಿ ಸ್ಟೂಲಿನ ಮೇಲಿನ ಚೊಂಬು ತೆಗೆಯುವುದು, ಆಮೇಲೆ ನೆಲದ ಮೇಲಿನ ಖಾಲಿ ಬಿಂದಿಗೆ, ಆಮೇಲೆ ಕಾಲು ಬಿಂದಿಗೆ ನೀರು. ಜೊತೆಗೆ ದಿನಾ ಹತ್ತು ನಿಮಿಷ ನಡಿಗೆ, ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸುತ್ತ. ಬೆಲ್ಟನ್ನು ದಿನಕ್ಕೊಂದು ಗಂಟೆಯಂತೆ ಕಡಿಮೆ ಮಾಡುವುದು. ಮಾಡುವಾಗ ನೋವು ತುಸು ಏರಿ ಮರುದಿನ ಬೆಳಿಗ್ಗೆಯ ಹೊತ್ತಿಗೆ ಇಳಿದಿದ್ದರೆ ಸರಿ, ಅಷ್ಟನ್ನೇ ಮುಂದುವರಿಸಬಹುದು. ಇಳಿಯದಿದ್ದರೆ ಅಳತೆ ಕಡಿಮೆ ಮಾಡಬೇಕು, ನಿಲ್ಲಿಸಬಾರದು. ಇನ್ನೊಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ನೋವು ಕಡಿಮೆಯಿರುವ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಿ ಮೂರು ದಿನ ಮಲಗುವುದು. ರಾಗಿ ಕೊಯ್ಲಿನ ಕಾಲದಲ್ಲಿ, ಕಡಲೆಕಾಯಿ ಕೀಳುವ ಕಾಲದಲ್ಲಿ ಇದು ನಡೆದೇ ನಡೆಯುತ್ತದೆ. ಒಳ್ಳೆಯ ದಿನವೂ ಅಳತೆಯಷ್ಟೇ, ಕೆಟ್ಟ ದಿನವೂ ಸ್ವಲ್ಪ.

ಮಂಡಿನೋವಿನವರಿಗೆ ಇದೇ ಕ್ರಮ. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಐದಾರು ಸಲ, ದಿನಕ್ಕೆ ಎರಡು ಹೊತ್ತು. ಕುಕ್ಕರಗಾಲಲ್ಲಿ ಕೂರಲು ಆಗದಿದ್ದರೆ ಅದಕ್ಕೆ ಸದ್ಯಕ್ಕೆ ಹಟ ಬೇಡ. ಏಳುವ ಕೂರುವ ಶಕ್ತಿ ಬರಲಿ.

ಮನೆಯವರಿಗೂ ಒಂದು ಕೆಲಸವಿದೆ. ಆ ಮಗನಿಗೆ ಹೇಳಿದೆ: "ದಿನಾ ಬೆಳಿಗ್ಗೆ 'ಅಮ್ಮಾ, ನೋವು ಹೆಂಗಿದೆ?' ಅಂತ ಕೇಳ್ಬೇಡಪ್ಪ. 'ಇವತ್ತು ಏನೇನು ಮಾಡಿದೆ?' ಅಂತ ಕೇಳು. ಪೊರಕೆ ವಾಪಸು ಕೊಡು." ಅವನಿಗೆ ಇದು ರುಚಿಸಲಿಲ್ಲ. ತಾಯಿಯನ್ನು ಕೂರಿಸಿ ನೋಡಿಕೊಳ್ಳುವುದೇ ಪ್ರೀತಿ ಎಂದು ತಿಳಿದ ಮಗ. ಅವನದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ವೈದ್ಯ ಮಿತ್ರರಿಗೂ ಒಂದು ವಿನಂತಿ. ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ಮೊದಲ ಮಾತು ಆಡುವ ಮುನ್ನ ಅರ್ಧ ನಿಮಿಷ ಯೋಚಿಸಿ. "ವಯಸ್ಸಿಗೆ ತಕ್ಕ ಬದಲಾವಣೆ, ಬೆನ್ನು ಗಟ್ಟಿಯಾಗಿದೆ, ಓಡಾಡಿ" ಎನ್ನಲು ಹೆಚ್ಚಿಗೆ ಸಮಯ ಬೇಕಿಲ್ಲ. ಬರೆದುಕೊಟ್ಟ ಮಾತ್ರೆ ಹತ್ತು ದಿನಕ್ಕೆ ಮುಗಿಯುತ್ತದೆ, ಆಡಿದ ಮಾತು ಮುಗಿಯುವುದಿಲ್ಲ.

ನಾಲ್ಕು ತಿಂಗಳ ಮೇಲೆ ಅವರು ಮತ್ತೆ ಬಂದಿದ್ದರು. ನೋವು ಪೂರ್ತಿ ಹೋಗಿಲ್ಲ. ಮೋಡ ಕವಿದ ದಿನ, ನಿದ್ದೆಗೆಟ್ಟ ಮರುದಿನ ಬರುತ್ತದಂತೆ. "ಬಂದ್ರೆ ಬರಲಿ ಬಿಡಿ ಡಾಕ್ಟ್ರೇ, ಮುರಿಯಲ್ಲ ಅಂತ ಗೊತ್ತಾಯ್ತಲ್ಲ" ಎಂದರು. ಬೆಲ್ಟು ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿದೆ. ಪಕ್ಕದ ಮನೆಯವರ ಹಸುವನ್ನು ಸಂಜೆ ಹೊತ್ತು ತಾವೇ ಹೋಗಿ ಕರೆದುಕೊಡುತ್ತಾರೆ. ಒಂದು ಕಡಸು ಕೊಳ್ಳುವ ವಿಷಯಕ್ಕೆ ಮಗನ ಜೊತೆ ಜಗಳ ನಡೆದಿದೆ.